ನಡುಮನೆಯ ಸಮುದ್ರ ಮತ್ತು ಒಂದು ಹನಿಯ ಷರತ್ತು

ಮನೆಯೊಳಗೆ ಸಮುದ್ರ ಇಟ್ಟುಕೊಂಡ ಮೇಲೆ ನಗುವಂಥ ಪ್ರಸಂಗಗಳನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ, ಅವೇ ಕಾಲಿಂಗ್ ಬೆಲ್ ಒತ್ತಿ ಒಳಗೆ ಬರುತ್ತವೆ. ನಮ್ಮದು ಶಂಕರಪುರದ ಹಳೆಯ ಮನೆ. ನಡುಮನೆಯಲ್ಲಿ ಮೊದಲು ದಿವಾನ್ ಇದ್ದ ಜಾಗದಲ್ಲಿ ಈಗ ಆರಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರಲ್ಲಿ ಉಪ್ಪುನೀರು, ಬಂಡೆ, ಜೀವಂತ ಹವಳ, ಒಂದಷ್ಟು ಮೀನು. ಇದನ್ನು ಕಟ್ಟಿದವರು ನಮ್ಮನೆಯವರು. ವೃತ್ತಿಯಲ್ಲಿ ಆಡಿಟರ್. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ನೀರು ಯಾಕೆ ಹರಿಯುತ್ತದೆ, ಯಾಕೆ ನಿಲ್ಲುತ್ತದೆ ಎಂದು ವರ್ಷಾ ವರ್ಷ ಪಾಠ ಮಾಡುವವಳು. ಆದರೂ ಈ ತೊಟ್ಟಿಯ ಕೆಲಸದಲ್ಲಿ ನನಗೆ ಸಿಕ್ಕ ಹುದ್ದೆ ಟಾರ್ಚ್ ಹಿಡಿಯುವುದು.

ಷರತ್ತು

ಇವರು ಯಾರೋ ಕ್ಲೈಂಟ್ ಮನೆಯಲ್ಲಿ ಅಂಥದೊಂದು ತೊಟ್ಟಿ ನೋಡಿ ಬಂದರು. ಅವತ್ತಿನಿಂದ ಊಟ ಮಾಡುವಾಗಲೂ ಗೋಡೆ ಅಳೆಯುವ ನೋಟ. ನಾನು ಬೇಡ ಎಂದಿದ್ದರೆ ಕೇಳುತ್ತಿರಲಿಲ್ಲ. ಆದರೆ ಅತ್ತೆಯನ್ನು ಕೇಳದೆ ನಮ್ಮ ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ. ಅದರಲ್ಲೂ ನಡುಮನೆಯ ನೆಲ ಅವರ ಪ್ರಾಣ. ನಮ್ಮ ಮಾವ ಎದುರು ನಿಂತು ಹಾಕಿಸಿದ ರೆಡ್ ಆಕ್ಸೈಡ್ ನೆಲ ಅದು. ಅತ್ತೆ ಇವತ್ತಿಗೂ ತೆಂಗಿನೆಣ್ಣೆ ಸವರಿದ ಬಟ್ಟೆಯಲ್ಲಿ ಅದನ್ನು ತಿಕ್ಕಿ ಮುಖ ಕಾಣುವ ಹಾಗೆ ಇಟ್ಟಿದ್ದಾರೆ.

ಇವರು ಮಾತು ಸುತ್ತಿ ಬಳಸಿ ವಿಷಯಕ್ಕೆ ಬಂದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಇಟ್ಕೋ. ಆದ್ರೆ ಒಂದು ಹನಿ, ಒಂದೇ ಒಂದು ಹನಿ ನೀರು ನನ್ನ ನೆಲದ ಮೇಲೆ ಬಿದ್ರೂ ಅವತ್ತೇ ತೆಗೀಬೇಕು."

"ಆಯ್ತಮ್ಮ," ಎಂದರು ಇವರು, ಬಹಳ ಸಲೀಸಾಗಿ.

ನಮ್ಮ ಅತ್ತೆ ಆಡಿದ ಮಾತನ್ನು ಅಕ್ಷರಶಃ ಹಿಡಿದು ನಿಲ್ಲುವ ಹೆಂಗಸು. ಒಮ್ಮೆ ಎಲೆಕ್ಟ್ರಿಷಿಯನ್ "ಹತ್ತು ನಿಮಿಷದಲ್ಲಿ ಬರ್ತೀನಮ್ಮ" ಎಂದು ಹೇಳಿ ಸಂಜೆ ಬಂದ. ಅತ್ತೆ ಬಾಗಿಲು ತೆಗೆಯದೆ ಕಿಟಕಿಯಿಂದಲೇ ಹೇಳಿದರು: "ನಾವು ಕರೆದಿದ್ದು ಹತ್ತು ನಿಮಿಷದಲ್ಲಿ ಬರೋರನ್ನ. ನೀವು ಬೇರೆಯವರಿರ್ಬೇಕು." ಸ್ವಂತ ಮಗನಿಗೂ ರಿಯಾಯಿತಿ ಇಲ್ಲ. ಇವರು ಚಿಕ್ಕ ಹುಡುಗನಾಗಿದ್ದಾಗ, "ಕ್ರಿಕೆಟ್ ಬ್ಯಾಟ್ ಕೊಡಿಸಮ್ಮ, ಬೇಕಾದ್ರೆ ಜೀವನಪೂರ್ತಿ ಹಾಗಲಕಾಯಿ ತಿನ್ತೀನಿ" ಎಂದಿದ್ದರಂತೆ. ಬ್ಯಾಟ್ ಯಾವ ಕಾಲಕ್ಕೋ ಮುರಿದುಹೋಯಿತು. ಹಾಗಲಕಾಯಿ ಪಲ್ಯ ಇವತ್ತು ಬೆಳಿಗ್ಗೆಯೂ ತಟ್ಟೆಯಲ್ಲಿತ್ತು.

ನಲ್ಲಿ

ತೊಟ್ಟಿಯ ವ್ಯವಸ್ಥೆ ಹೀಗೆ. ಮೇಲೆ ಮೀನು ಇರುವ ದೊಡ್ಡ ತೊಟ್ಟಿ. ಅದರ ಕೆಳಗೆ ಮರದ ಬೀರುವಿನೊಳಗೆ ಇನ್ನೊಂದು ಸಣ್ಣ ತೊಟ್ಟಿ. ಮೇಲಿನ ನೀರು ಒಂದು ಪೈಪಿನಲ್ಲಿ ಕೆಳಗೆ ಬಿದ್ದು ಸೋಸಿಕೊಳ್ಳುತ್ತದೆ, ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಹಗಲೂ ರಾತ್ರಿ ಇದೇ ಸುತ್ತು.

ಪೈಪ್ ಹಾಕಲು ಹನುಮಂತನಗರದಿಂದ ನಮ್ಮ ಮಾಮೂಲಿ ಪ್ಲಂಬರ್ ಬಂದರು. ಇವರು ಹಾಳೆಯ ಮೇಲೆ ಬಾಣದ ಗುರುತು ಹಾಕಿ ಹಾಕಿ ವಿವರಿಸಿದರು. ಪ್ಲಂಬರ್ ಗಲ್ಲ ಕೆರೆದುಕೊಂಡರು.

"ಸಾರ್, ಮೇಲಿನ ನೀರು ಕೆಳಗೆ ಬರ್ಬೇಕು."

"ಹೌದು."

"ಆ ನೀರೇ ಮತ್ತೆ ಮೇಲೆ ಹೋಗ್ಬೇಕು."

"ಕರೆಕ್ಟ್."

"ಹಂಗಾದ್ರೆ ಸಾರ್, ಮಧ್ಯದಲ್ಲಿ ನೀರು ಯೂಸ್ ಮಾಡೋರು ಯಾರು?"

"ಯಾರೂ ಇಲ್ಲ. ಅದು ಸುತ್ತುತ್ತಾ ಇರ್ಬೇಕು ಅಷ್ಟೆ."

ಪ್ಲಂಬರ್ ನನ್ನ ಕಡೆ ನೋಡಿದರು. ಮನೆಯಲ್ಲಿ ಎಲ್ಲಾ ಸರಿ ಇದೆಯಾ ಮೇಡಂ, ಎಂದು ಕೇಳುವ ನೋಟ. ನಾನು ಟಾರ್ಚ್ ಸರಿಯಾಗಿ ಹಿಡಿದುಕೊಂಡೆ.

ಕೆಲಸ ಮಾತ್ರ ಅಚ್ಚುಕಟ್ಟು. ಎರಡು ದಿನ ಬೀರುವಿನೊಳಗೆ ತಲೆ ಹಾಕಿಕೊಂಡು ಅಂಟು ಹಚ್ಚಿ ಪೈಪ್ ಜೋಡಿಸಿದರು. ಮುಗಿಸಿ ಹೊರಗೆ ಬಂದು ಕೈ ಒರೆಸಿಕೊಂಡಾಗ ನೋಡಿದರೆ, ಬೀರುವಿನ ಪಕ್ಕದ ಹಲಗೆಯಿಂದ ಫಳಫಳ ಹೊಳೆಯುವ ಒಂದು ನಲ್ಲಿ ಹೊರಗೆ ಚಾಚಿಕೊಂಡಿತ್ತು.

"ಇದೇನ್ರೀ ಇದು? ಇದನ್ನ ನಾನು ಹೇಳೇ ಇಲ್ಲವಲ್ಲ."

"ನೀವು ಮರ್ತಿದ್ರಿ ಸಾರ್. ಇಷ್ಟು ವರ್ಷದಲ್ಲಿ ನಲ್ಲಿ ಇಲ್ಲದ ಟ್ಯಾಂಕು ನಾನು ಕಟ್ಟಿಲ್ಲ. ನಾಳೆ ಬೇರೆಯವರು ನೋಡಿದ್ರೆ ಕೆಲಸ ಗೊತ್ತಿಲ್ಲ ಅಂತಾರೆ."

ತೆಗೆಸಿದರೆ ತೂತು ಉಳಿಯುತ್ತದೆ, ತೂತಿದ್ದರೆ ಹನಿ ಬೀಳುತ್ತದೆ. ಹಳೆಯ ನೀರು ಖಾಲಿ ಮಾಡಲು ಆಗುತ್ತದೆ ಬಿಡು ಎಂದು ಇವರು ಸುಮ್ಮನಾದರು. ಅತ್ತೆ ಒಳಗೆ ಹೋಗಿ ಬಕೆಟ್ಟು, ಮಗ್ಗು ತಂದು ನಲ್ಲಿಯ ಕೆಳಗೆ ಇಟ್ಟರು. ಕಟ್ಟಿದ ದಿನದಿಂದಲೇ ನಮ್ಮ ಸಮುದ್ರಕ್ಕೆ ಬಕೆಟ್ಟೂ ಇದೆ, ಮಗ್ಗೂ ಇದೆ.

ರಂಗೋಲಿ

ಉಪ್ಪುನೀರು ತುಂಬುವ ಮೊದಲು ಸಾದಾ ನೀರು ತುಂಬಿಸಿ, ಪೈಪುಗಳು ಎಲ್ಲಾದರೂ ಸೋರುತ್ತವೆಯೇ ಎಂದು ನೋಡಬೇಕು. ಇವರು ಪ್ರತಿ ಜಾಯಿಂಟಿನ ಕೆಳಗೆ ಟಿಶ್ಯೂ ಪೇಪರ್ ಇಡಲು ಹೊರಟರು. ಅತ್ತೆ ತಡೆದರು.

"ಪೇಪರ್ರು ಒದ್ದೆಯಾಗಿ ಒಣಗಿದ್ರೆ ಯಾರಿಗೆ ಗೊತ್ತಾಗುತ್ತೆ? ಇರು."

ರಂಗೋಲಿ ಬಟ್ಟಲು ತಂದು, ಮಂಡಿ ನೋವನ್ನೂ ಲೆಕ್ಕಿಸದೆ ಕೂತು, ಒಂದೊಂದು ಜಾಯಿಂಟಿನ ಕೆಳಗೂ ಒಂದೊಂದು ಎಳೆಯ ಪುಟ್ಟ ಹೂವು ಬಿಟ್ಟರು. ಹನಿ ಬಿದ್ದರೆ ಹೂವು ಕಲೆಸಿಹೋಗುತ್ತದೆ, ಸುಳ್ಳು ಹೇಳಲು ಜಾಗವೇ ಇಲ್ಲ. ಇಷ್ಟು ಸರಳವಾದ ಉಪಾಯ ನನ್ನ ಲ್ಯಾಬಿನಲ್ಲೂ ಇಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಇವರು ಗಳಿಗೆಗೊಮ್ಮೆ ನೆಲಕ್ಕೆ ಬಗ್ಗಿ ಹೂವುಗಳನ್ನು ನೋಡಿ ಬರತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಚೀರಿದರು. ಮೂಲೆಯ ಹೂವಿನ ದಳವೊಂದು ಕರಗಿ ಅಲ್ಲೊಂದು ಒದ್ದೆ ಚುಕ್ಕೆ ಕಾಣುತ್ತಿತ್ತು. ಪ್ಲಂಬರ್‌ಗೆ ಫೋನ್ ಹೋಯಿತು, ಅವರೂ ಓಡಿ ಬಂದರು. ಇಬ್ಬರೂ ಪೈಪನ್ನು ಬಟ್ಟೆಯಲ್ಲಿ ಒರೆಸಿ ನೋಡಿದರೆ ಒಣಗಿದೆ. ಬೆರಳಾಡಿಸಿದರೂ ಒಣಗಿದೆ. ಅಷ್ಟರಲ್ಲಿ ಅವರ ಕಣ್ಣೆದುರೇ ಇನ್ನೊಂದು ಹನಿ ಟಪ್ ಎಂದು ಪಕ್ಕದ ಹೂವಿನ ಮೇಲೆ ಬಿತ್ತು.

ಅದು ಬಂದದ್ದು ಪೈಪಿನಿಂದಲ್ಲ, ನಮ್ಮನೆಯವರ ಮೂಗಿನ ತುದಿಯಿಂದ. ಹೆದರಿ, ಬಗ್ಗಿ, ಬೆವರಿ, ಆ ಬೆವರನ್ನೇ ತೊಟ್ಟಿಕ್ಕಿಸಿ ಮತ್ತೆ ಹೆದರುತ್ತಿದ್ದರು.

ಇನ್ನು ತೀರ್ಪು ಅತ್ತೆಯದು. ಇವರು ಬೆವರು ಒರೆಸಿಕೊಳ್ಳಲೂ ಧೈರ್ಯವಿಲ್ಲದೆ ನಿಂತಿದ್ದರು. ಅತ್ತೆ ಯೋಚಿಸಿ ಹೇಳಿದರು: "ನಾನು ಹೇಳಿದ್ದು ತೊಟ್ಟಿ ನೀರು. ಇದು ನಿನ್ನದು. ಸದ್ಯಕ್ಕೆ ನಿನ್ನನ್ನ ಮನೆಯಿಂದ ತೆಗೆಯೋಕಾಗಲ್ಲ."

ಆಚಮನ

ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಇವರು ಡಬ್ಬಿಗಟ್ಟಲೆ ಸಮುದ್ರದ ಉಪ್ಪು ತಂದು ನೀರಿಗೆ ಕಲೆಸಿದರು. ಆ ವಾರವೇ ಮನೆಯಲ್ಲಿ ಸತ್ಯನಾರಾಯಣ ಪೂಜೆ.

ನಮ್ಮ ಪುರೋಹಿತರು ಬಹಳ ಒಳ್ಳೆಯವರು, ಸದಾ ಅವಸರದಲ್ಲಿರುವವರು. ಬಂದವರೇ ಪಂಚಪಾತ್ರೆ ಹಿಡಿದು ಸುತ್ತ ನೋಡಿದರು. ಅತ್ತೆ ಅಡುಗೆಮನೆಯಲ್ಲಿ ಸಜ್ಜಿಗೆ ಕೆದಕುತ್ತಿದ್ದರು. ಕಣ್ಣೆದುರಿಗೆ ಫಳಫಳ ಹೊಳೆಯುವ ನಲ್ಲಿ. ಪಾತ್ರೆ ತುಂಬಿಸಿಕೊಂಡು ಬಂದು ಮಣೆಯ ಮೇಲೆ ಕೂತೇಬಿಟ್ಟರು.

ನಾನು ಹೂವಿನ ಬುಟ್ಟಿ ಹಿಡಿದು ಬರುವಷ್ಟರಲ್ಲಿ ಮೊದಲ ಉದ್ಧರಣೆ ಬಾಯಿಗೆ ಹೋಗಿತ್ತು. ಕೇಶವನ ಹೆಸರಿನ ಗುಟುಕಿಗೆ ಹುಬ್ಬು ಮೇಲಕ್ಕೆ ಹೋಯಿತು. ನಾರಾಯಣನಿಗೆ ಒಂದು ಕಣ್ಣು ಮುಚ್ಚಿತು. ಮಾಧವನಿಗೆ ಕುತ್ತಿಗೆಯ ನರವೆಲ್ಲ ಎದ್ದು ನಿಂತಿತು. ಆದರೆ ಆಚಮನದ ನೀರನ್ನು ಉಗುಳುವಂತಿಲ್ಲವಲ್ಲ, ನುಂಗಿದರು.

"ಈಗ ಯಜಮಾನರು ಮಾಡಿ," ಎಂದರು, ದನಿ ಒಂದಿಷ್ಟು ಒಡೆದಿತ್ತು.

ಇವರು ಒಂದು ಗುಟುಕಿಗೇ ಅದು ಯಾವ ನೀರೆಂದು ಗುರುತು ಹಿಡಿದರು. ನನ್ನನ್ನು ನೋಡಿದರು. ನಾನು ಸೆರಗಿನ ಅಂಚು ನೋಡಿಕೊಂಡೆ. ಹೇಳಿದರೆ ಪುರೋಹಿತರಿಗೆ ಮುಜುಗರ, ಹೇಳದಿದ್ದರೆ ಇನ್ನೆರಡು ಗುಟುಕು. ನಮ್ಮನೆಯವರು ಮರ್ಯಾದಸ್ಥರು, ಕುಡಿದರು.

ಪೂಜೆ ಮುಗಿಸಿ, ಎರಡು ಲೋಟ ಪಾನಕ ಒಂದೇ ಉಸಿರಿಗೆ ಮುಗಿಸಿ, ಹೊಸಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಪುರೋಹಿತರು ಇವರನ್ನು ಹತ್ತಿರ ಕರೆದರು.

"ತಪ್ಪು ತಿಳ್ಕೋಬೇಡಿ. ಬೋರ್ ತುಂಬಾ ಆಳಕ್ಕೆ ಹೋಗ್ಬಿಟ್ಟಿದೆ ಅನ್ಸುತ್ತೆ. ಸ್ವಲ್ಪ ಮೇಲೇನೇ ನಿಲ್ಲಿಸ್ಬೇಕಿತ್ತು."

ರಾಯರು ಎದ್ದು ಹೊರಟದ್ದು

ಮೇಲಿನ ತೊಟ್ಟಿಯ ನೀರು ಪೈಪಿನೊಳಗೆ ಗಾಳಿಯನ್ನೂ ಎಳೆದುಕೊಂಡು ಕೆಳಗೆ ಬಿದ್ದರೆ ಗೊಳಗೊಳ ಎಂದು ಸದ್ದು ಬರುತ್ತದೆ. ಮೊದಮೊದಲು ನಮ್ಮ ನಡುಮನೆಯಲ್ಲಿ ಕೂತವರಿಗೆ ಯಾರೋ ಪಕ್ಕದಲ್ಲೇ ನಲ್ಲಿ ತೆರೆದಿಟ್ಟು ಹೋದಂತೆ ಕೇಳುತ್ತಿತ್ತು. ನೀರು ಬರುವ ದಿನಕ್ಕಾಗಿ ಕಾದು ಬದುಕಿದವರು ನಾವು. ಹರಿಯುವ ನೀರಿನ ಸದ್ದು ಕೇಳಿ ಕೂತಲ್ಲಿ ಕೂರಲು ನಮ್ಮ ಕಡೆಯವರಿಗೆ ಆಗುವುದಿಲ್ಲ. ಬಂದವರೆಲ್ಲ ಒಂದು ಸಲ ಎದ್ದು ಬಚ್ಚಲುಮನೆ ನೋಡಿ ಬರುತ್ತಿದ್ದರು.

ಎದುರುಮನೆಯ ರಾಯರ ಕಥೆ ಬೇರೆ. ಅವರು ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ನಮ್ಮ ಪೇಪರನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಓದಿ, ಎರಡು ಕಾಫಿ ಮುಗಿಸಿ, ಊಟದ ಹೊತ್ತಿಗೆ ಹೋಗುವ ವಾಡಿಕೆ. ತೊಟ್ಟಿ ಶುರುವಾದ ಮೇಲಿನ ಮೊದಲ ಭಾನುವಾರ ಅವರು ಎರಡನೇ ಪುಟಕ್ಕೇ ಕಾಲಿಗೆ ಕಾಲು ಒತ್ತಿಕೊಂಡರು. ಮೂರನೇ ಪುಟಕ್ಕೆ ಎದ್ದು ನಿಂತರು.

"ಬರ್ತೀನಮ್ಮ. ಮನೇಲಿ ಸ್ವಲ್ಪ ಕೆಲಸ ಇದೆ," ಎಂದು ಸರಸರ ಹೊರಟೇಹೋದರು. ಆ ವಯಸ್ಸಿನವರಿಗೆ ಗೊಳಗೊಳ ಸದ್ದು ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟೊಂದು ಪ್ರಶಾಂತವಾದ ಭಾನುವಾರಗಳನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಆದರೆ ಇವರು ಬಿಡಬೇಕಲ್ಲ. ನೀರು ಇಳಿಯುವ ಪೈಪಿಗೊಂದು ವಾಲ್ವ್ ಹಾಕಿಸಿ, ಕಿವಿ ಇಟ್ಟು ಇಷ್ಟಿಷ್ಟೇ ತಿರುಗಿಸಿ, ಗಾಳಿ ಹೋಗದಂತೆ ಮಾಡಿ ಸದ್ದು ಅಡಗಿಸಿದರು. "ಕೇಳು, ಏನೂ ಕೇಳಿಸಲ್ಲ," ಎಂದು ಹೆಮ್ಮೆಪಟ್ಟರು. ರಾಯರು ಮತ್ತೆ ಟೆಂಡರ್ ಪ್ರಕಟಣೆಯವರೆಗೆ ಓದತೊಡಗಿದರು.

ಆ ವಾಲ್ವನ್ನು ಯಾವ ಕಡೆಗೆ ಎಷ್ಟು ತಿರುಗಿಸಿದರೆ ಸದ್ದು ವಾಪಸು ಬರುತ್ತದೆಂದು ನಾನೂ ಕಲಿತಿದ್ದೇನೆ. ನೆಂಟರ ಮುಂದೆ ಉಪಯೋಗಿಸುವುದಿಲ್ಲ. ತೀರಾ ಅಗತ್ಯವಿದ್ದರೆ ಮಾತ್ರ.

ಮೀನಿನ ನಿದ್ದೆ

ಹವಳಗಳಿಗೆ ನಿಂತ ನೀರು ಆಗುವುದಿಲ್ಲ, ಅಲೆ ಬೇಕು. ಅದಕ್ಕೆ ತೊಟ್ಟಿಯ ಎರಡು ಬದಿಗೂ ಪುಟ್ಟ ಫ್ಯಾನಿನಂಥ ಯಂತ್ರಗಳಿವೆ, ಅವು ನೀರನ್ನು ಒಮ್ಮೆ ಅತ್ತ ಒಮ್ಮೆ ಇತ್ತ ತಳ್ಳುತ್ತವೆ. ಹವಳಕ್ಕೆ ಜೀವ ಇದೆ ಎಂದಾಗ ಅತ್ತೆ ನಂಬಿರಲಿಲ್ಲ. ಕುತ್ತಿಗೆಯ ಸರದಲ್ಲಿದ್ದ ಹವಳವನ್ನು ಮುಟ್ಟಿ ನೋಡಿಕೊಂಡು, "ಇದು ಪಾಪ ಇಷ್ಟು ವರ್ಷ ಸುಮ್ನೇ ಇದೆಯಲ್ಲೇ," ಎಂದಿದ್ದರು.

ಆದರೆ ತೊಟ್ಟಿಗೆ ಒಂದು ಹಳದಿ ಮೀನು ಬಂದ ಮೇಲೆ ಅವರು ಬದಲಾದರು. ಅಂಗೈ ಅಗಲದ ಮೀನು, ಅರಿಸಿನದ ಬಣ್ಣ. ಅತ್ತೆ ಗಾಜಿನ ಹತ್ತಿರ ಹೋದರೆ ಅದೂ ಹತ್ತಿರ ಬರುತ್ತದೆ. ಅದಕ್ಕೆ 'ಹಳದಿ' ಎಂದೇ ಹೆಸರಾಯಿತು. ಬೆಳಗಿನ ಕಾಫಿ ಅತ್ತೆ ಅದರ ಎದುರೇ ಕುಡಿಯಬೇಕು. ಗಾಂಧಿ ಬಜಾರಿನಲ್ಲಿ ಸೇವಂತಿಗೆ ಹೂವಿಗೆ ಎಷ್ಟು ಹೇಳಿದರು ಎನ್ನುವುದು ನನಗಿಂತ ಮೊದಲು ಹಳದಿಗೆ ಗೊತ್ತಾಗುತ್ತಿತ್ತು.

ಈ ನಡುವೆ ಇವರಿಗೊಂದು ಚಿಂತೆ ಹತ್ತಿತು. ಬೆಳಿಗ್ಗೆ ಚೆನ್ನಾಗಿ ಅರಳುವ ಹವಳಗಳು ಮಧ್ಯಾಹ್ನ ಮುದುಡಿಕೊಳ್ಳುತ್ತಿದ್ದವು. ಉಪ್ಪು ಅಳೆದರು, ಬಿಸಿ ಅಳೆದರು, ದೀಪ ಬದಲಾಯಿಸಿದರು. ಕೊನೆಗೆ ಒಂದು ದಿನ ಆಫೀಸಿನಿಂದ ಊಟಕ್ಕೆ ಬಂದವರು, ನಡುಮನೆಯ ಪರದೆ ಎಳೆದಿದ್ದು, ಅಲೆ ಯಂತ್ರಗಳ ಸ್ವಿಚ್ ಆರಿಸಿದ್ದು, ಅತ್ತೆ ಚಾಪೆಯ ಮೇಲೆ ಮಲಗಿದ್ದು ನೋಡಿದರು.

"ಅಮ್ಮ, ಇದನ್ನ ಯಾಕೆ ಆರಿಸಿದ್ದೀಯ?"

ಅತ್ತೆ ಕಣ್ಣು ಬಿಡದೆಯೇ ಹೇಳಿದರು: "ಊಟ ಆದ್ಮೇಲೆ ಯಾರಾದ್ರೂ ಸ್ವಲ್ಪ ಹೊತ್ತು ಮಲಗಲ್ವೇನೋ? ಅದಕ್ಕೆ ಕಣ್ಣು ಮುಚ್ಚೋಕೆ ರೆಪ್ಪೆನೂ ಇಲ್ಲ. ಗಾಳಿನಾದ್ರೂ ನಿಲ್ಲಿಸ್ಬೇಡ್ವಾ?"

ಹವಳಕ್ಕೆ ಅಲೆ ಬೇಕು ಎಂದರೆ, ಮೀನಿಗೆ ನಿದ್ದೆ ಬೇಕು ಎಂದರು. ಕೊನೆಗೆ ಮಧ್ಯಾಹ್ನ ಯಂತ್ರಗಳನ್ನು ನಿಧಾನಕ್ಕೆ ತಿರುಗಿಸುವುದೆಂದು ರಾಜಿಯಾಯಿತು. ಬಸವನಗುಡಿ ಸುತ್ತಮುತ್ತ ಊಟವಾದ ಮೇಲೆ ಸಮುದ್ರವೂ ಮಲಗುತ್ತದೆ.

ಹನಿ

ತೊಟ್ಟಿಯಲ್ಲಿ ಒಂದು ತೂತು ಇದೆ. ಅದು ನನ್ನ ತೂತು. ಇಡೀ ಕೆಲಸದಲ್ಲಿ ಫಿಸಿಕ್ಸ್ ಲೆಕ್ಚರರ್ ಮಾತು ನಡೆದದ್ದು ಅದೊಂದರಲ್ಲೇ.

ಕರೆಂಟ್ ಹೋಗಿ ಪಂಪು ನಿಂತರೆ, ಮೇಲಕ್ಕೆ ಹೋಗುತ್ತಿದ್ದ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿಯತೊಡಗುತ್ತದೆ. ತಡೆಯದಿದ್ದರೆ ಇಳಿಯುತ್ತಲೇ ಇರುತ್ತದೆ, ಕೆಳಗಿನ ಸಣ್ಣ ತೊಟ್ಟಿ ತುಂಬಿ ಹೊರಗೆ ಚೆಲ್ಲುತ್ತದೆ. ಅದಕ್ಕೇ ಆ ಪೈಪಿನಲ್ಲಿ, ತೊಟ್ಟಿಯ ನೀರಿನ ಮಟ್ಟದಲ್ಲೇ ಒಂದು ಸಣ್ಣ ತೂತು ಕೊರೆಸಿದೆ. ನೀರು ಸ್ವಲ್ಪ ಇಳಿದ ಕೂಡಲೇ ತೂತಿನಿಂದ ಗಾಳಿ ಹೊಕ್ಕು ಹರಿವು ತಾನಾಗಿ ಕಡಿಯುತ್ತದೆ. ಮೊದಲ ದಿನವೇ ಸ್ವಿಚ್ ಆರಿಸಿ ಪರೀಕ್ಷೆ ಮಾಡಿದ್ದೆವು, ಚೆನ್ನಾಗಿ ಕೆಲಸ ಮಾಡಿತ್ತು. ಪಂಪು ಓಡುವಾಗ ಮಾತ್ರ ಆ ತೂತಿನಿಂದ ನೂಲಿನ ಹಾಗೆ ನೀರು ತೊಟ್ಟಿಯೊಳಕ್ಕೇ ಚಿಮ್ಮುತ್ತಿರುತ್ತದೆ. ಇದು ಇವರಿಗೆ ಗೊತ್ತು, ನನಗೆ ಗೊತ್ತು, ಪ್ಲಂಬರ್‌ಗೆ ಗೊತ್ತು. ಅತ್ತೆಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅದೊಂದು ಭಾನುವಾರ. ರಾಯರು ಪೇಪರ್ ಹಿಡಿದು ಕೂತಿದ್ದರು. ಇವರು ಒಳಗೆ ಕ್ಷೌರ ಮಾಡಿಕೊಳ್ಳುತ್ತಿದ್ದರು. ಅತ್ತೆ ಹಳದಿಯ ಎದುರು ಕುರ್ಚಿ ಹಾಕಿಕೊಂಡು, ಅದರ ಜೊತೆ ಮಾತಾಡುತ್ತಾ ಅವರೆಕಾಯಿ ಸುಲಿಯುತ್ತಿದ್ದರು. ಕರೆಂಟ್ ಹೋಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ರಾಯರು ಕಾಲುಗಳನ್ನು ಮೇಲೆತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು. ಪುಟ ತಿರುಗಿಸಿ, "ಏನಮ್ಮ, ಇವತ್ತು ಮನೆ ತೊಳೀತಿದ್ದೀರಾ?" ಎಂದು ಕೇಳಿದರು.

ನಾನು ಅಡುಗೆಮನೆಯಿಂದ ಹೊರಗೆ ಬಂದೆ. ಬೀರುವಿನ ಬಾಗಿಲ ಸಂದಿಯಿಂದ ನೀರು ಧಾರಾಳವಾಗಿ ಹರಿದು, ನಡುಮನೆ ದಾಟಿ, ದೇವರ ಮನೆಯ ಹೊಸಿಲ ಕಡೆಗೆ ಹೊರಟಿತ್ತು. ಅವರೆಕಾಯಿ ಸಿಪ್ಪೆಗಳು ಅದರ ಮೇಲೆ ತೇಲುತ್ತಿದ್ದವು. ನಾನು ಕೂಗಿದ್ದಕ್ಕೆ ಇವರು ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಓಡಿ ಬಂದರು, ಜಾರಿದರು, ಕೂತಲ್ಲೇ ತೊಟ್ಟಿಯವರೆಗೆ ಹೋದರು. ಎದ್ದು ತೊಟ್ಟಿಯೊಳಗೆ ಕೈ ಹಾಕಿ ಪೈಪನ್ನು ತಡಕಾಡಿದರು. ಏನನ್ನೋ ಹಿಡಿದು ಎಳೆದರು. ಸುರ್ ಎಂದು ಗಾಳಿ ಹೊಕ್ಕ ಸದ್ದು. ಹರಿವು ನಿಂತಿತು.

ಅವರ ಬೆರಳುಗಳ ನಡುವೆ ಇದ್ದದ್ದು ತೆಂಗಿನ ಗರಿಯ ಪೊರಕೆ ಕಡ್ಡಿಯ ಒಂದು ತುಂಡು. ನನ್ನ ತೂತಿಗೆ ಬಿರಡೆ.

"ಇದನ್ನ ಇಲ್ಲಿ ಯಾರು ಸಿಕ್ಕಿಸಿದ್ದು?"

ರಾಯರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಅತ್ತೆ ಮಡಿಲಲ್ಲಿದ್ದ ಅವರೆಕಾಳು ಬಟ್ಟಲಿಗೆ ಸುರಿದು ಸೆರಗು ಕೊಡವಿಕೊಂಡರು.

"ಹೊಸ ಪೊರಕೇದು ಕಣೋ. ತೊಳೆದೇ ಹಾಕಿದ್ದು."

"ಯಾಕಮ್ಮ?"

"ಪೈಪು ಸೋರ್ತಿತ್ತು. ನಿನಗೆ ಹೇಳಿದ್ರೆ ಇಲ್ಲ ಅಂತೀಯ. ಇವತ್ತು ಒಳಗೆ ಸೋರೋದು ನಾಳೆ ಹೊರಗೆ ಸೋರುತ್ತೆ. ಹೊರಗೆ ಸೋರಿದ್ರೆ ನೆಲದ ಮೇಲೆ ಹನಿ ಬೀಳುತ್ತೆ. ಹನಿ ಬಿದ್ರೆ ತೊಟ್ಟಿ ತೆಗೀಬೇಕು, ನಾನೇ ಹೇಳಿಬಿಟ್ಟಿದ್ದೀನಿ." ಅತ್ತೆಯ ದನಿ ತಗ್ಗಿತು. "ತೊಟ್ಟಿ ತೆಗೆದ್ರೆ ಹಳದಿ ಎಲ್ಲಿಗೆ ಹೋಗುತ್ತೆ?"

ನನಗೆ ನಗು ಬರಬೇಕಿತ್ತು, ಬರಲಿಲ್ಲ. ತಾವೇ ಹಾಕಿದ ಷರತ್ತಿನಿಂದ ಮೀನನ್ನು ಉಳಿಸಲು ಈ ಹೆಂಗಸು ಮಗನಿಗೂ ಹೇಳದೆ, ಸೊಸೆಗೂ ಹೇಳದೆ, ಮಂಡಿ ನೋವಿನಲ್ಲೂ ಸ್ಟೂಲ್ ಹತ್ತಿ ಕಡ್ಡಿ ಸಿಕ್ಕಿಸಿದ್ದರು. ತೊಟ್ಟಿಯಲ್ಲಿ ಮುಕ್ಕಾಲು ನೀರು ಇನ್ನೂ ಉಳಿದಿತ್ತು. ಹಳದಿ ಗಾಜಿಗೆ ಮೂತಿ ಒತ್ತಿ ಅತ್ತೆಯನ್ನೇ ನೋಡುತ್ತಿತ್ತು.

ಇವರು ಅರ್ಧ ನೊರೆಯ ಮುಖದಲ್ಲಿ, ಒದ್ದೆ ಪಂಚೆಯಲ್ಲಿ, ಕಡ್ಡಿ ಹಿಡಿದುಕೊಂಡು ನಿಂತಿದ್ದರು. ಕೊಟ್ಟ ಮಾತು ಅವರಿಗೂ ನೆನಪಿತ್ತು. ಹಾಗಲಕಾಯಿ ತಿಂದು ಬೆಳೆದ ಮನುಷ್ಯ, ಮಾತು ತಪ್ಪುವುದು ಗೊತ್ತಿಲ್ಲ.

"ಸರಿ ಅಮ್ಮ," ಎಂದರು ಮೆಲ್ಲಗೆ. "ನೀನು ಹೇಳಿದ ಹಾಗೇ ಆಗ್ಲಿ. ಇವತ್ತೇ ತೆಗೆಸ್ತೀನಿ."

ಅತ್ತೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ಮಾವ ಹಾಕಿಸಿದ ಕೆಂಪು ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನಿಧಾನವಾಗಿ ನೋಡಿದರು. ಪಾದ ಮುಳುಗುವಷ್ಟು ನೀರು. ರಾಯರ ಒಂದು ಚಪ್ಪಲಿ ಅಡುಗೆಮನೆ ಕಡೆಗೆ ಹೊರಟಿತ್ತು.

"ನಾನು ಏನಂತ ಹೇಳಿದ್ದೆ?"

"ಒಂದು ಹನಿ ಬಿದ್ರೂ ತೆಗೀಬೇಕು ಅಂತ."

"ಇದು ಹನಿಯೇನೋ?"

ಇವರು ಬಗ್ಗಿ ನೆಲ ನೋಡಿದರು.

"ಹನಿ ಬಿದ್ದ ದಿನ ನೋಡೋಣ," ಎಂದರು ಅತ್ತೆ. "ಈಗ ಹೋಗಿ ಬಕೆಟ್ ತಗೊಂಡ್ಬಾ."